ಕೊಂಬೆಗೆ ಕಟ್ಟಿದ ಬುತ್ತಿ

ಅಥಬಾಸ್ಕಾ ನದಿ ದಂಡೆಯ ಠಾಣೆ,
೯ ಮೇ ೧೮೨೭

ಪ್ರೀತಿಯ ತಂಗಿ ಮಾರ್ಗೆಟ್,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ, ಎಡಗಾಲಿನ ಎರಡು ಬೆರಳು ಮಾತ್ರ ಹಿಮದ ಪಾಲಾದವು. “ನನ್ನ ಗಂಡ ಹೇಗೆ ಸತ್ತ ಅಂತ ನೇರವಾಗಿ ಬರಿ, ಅಡ್ಡಗೋಡೆ ಮೇಲೆ ದೀಪ ಇಡಬೇಡ” ಎಂದು ನೀನು ಎರಡು ಸಲ ಕೇಳಿದೆ. ಹೋದ ಬೇಸಿಗೆ ಬರೆಯಲಾಗಲಿಲ್ಲ, ಆಮೇಲೆ ನದಿ ಹೆಪ್ಪುಗಟ್ಟಿದೆ ಎಂಬ ನೆಪವಿತ್ತು. ಈಗ ಕರಗಿದೆ, ಬರೆಯುತ್ತಿದ್ದೇನೆ.

೧೮೨೫ರ ಅಕ್ಟೋಬರ್‌ನಲ್ಲಿ ಪರ್ವತದಾಚೆಗೆ ದಾರಿ ಹುಡುಕಲು ಹೊರಟೆವು, ನಿಕೋಲ್ ಮತ್ತು ನಾನೂ ಸೇರಿ ಹತ್ತು ಮಂದಿ. ಹೋಗುವಾಗ ಒಣಮಾಂಸದ ಚೀಲಗಳನ್ನು ಅಲ್ಲಲ್ಲಿ ಮರಕ್ಕೆ ಕಟ್ಟುವುದು ನಮ್ಮ ರೂಢಿ. ಕೆಂಪು ಬಟ್ಟೆ ಕಟ್ಟಿದ್ದರೆ ಹಸಿದವರು ಯಾರಾದರೂ ತಿನ್ನಬಹುದು. ಬಟ್ಟೆ ಇಲ್ಲದಿದ್ದರೆ ಅದು ಮರಳಿ ಬರುವವನ ಬುತ್ತಿ, ಹಸಿವಿನಿಂದ ಸತ್ತರೂ ಬೇರೆಯವರು ಮುಟ್ಟುವಂತಿಲ್ಲ.

ನಾನೊಂದು ಕಡವೆಯ ಹಿಂದೆ ಹೋದೆ. ಹಿಮ ಬಿತ್ತು, ಹೆಜ್ಜೆಗುರುತು ಅಳಿಸಿತು. ಅಷ್ಟೇ ನಡೆದದ್ದು. ಕಾಡುಗುಲಾಬಿಯ ಕಾಯಿ, ಬೇರು, ಕೊನೆಗೆ ಪಾದರಕ್ಷೆಯ ತೊಗಲು ತಿಂದೆ. ಹಸಿವಿಗೆ ರುಚಿಯಿಲ್ಲ ಎನ್ನುವುದು ಸುಳ್ಳು. ತೊಗಲಿನ ರುಚಿ ಇನ್ನೂ ನೆನಪಿದೆ. ಇಪ್ಪತ್ತನಾಲ್ಕನೆಯ ದಿನ ಒಂದು ಚೀಲ ಸಿಕ್ಕಿತು. ಅದರಿಂದಲೇ ಬದುಕಿದೆ.

ಅತ್ತ ಮುಖಂಡರು ವಾಪಸು ಹೊರಡಲು ಹೇಳಿದರಂತೆ. ನಿನ್ನ ನಿಕೋಲ್ ಒಪ್ಪಲಿಲ್ಲ. “ದಾರಿ ತಿಳೀದ ದಡ್ಡ, ಆದ್ರೂ ನನ್ನ ಭಾವ. ಬರಿಗೈಲಿ ಹೋದ್ರೆ ಮಾರ್ಗೆಟ್ ನಂಗೆ ಗಂಜಿನೂ ಹಾಕಲ್ಲ” ಎಂದು ನಕ್ಕು, ಒಬ್ಬನೇ ನನ್ನನ್ನು ಹುಡುಕಲು ಬೆಟ್ಟ ಹತ್ತಿದ.

ಅವನಿಗಿಂತ ಮೊದಲು ನಾನು ಸಿಕ್ಕಿದ್ದು, ಆಮೇಲೆ ಹುಡುಕಲು ಬಂದ ನಮ್ಮ ತಂಡದ ಮುದುಕ ಮಾರ್ಗದರ್ಶಿ ಲಾಫ್ರನಿಯೆರ್‌ಗೆ. “ತೊಗಲೂ ಮೂಳೆನೂ ಇಲ್ಲಿವೆ. ಮನುಷ್ಯ ಎಲ್ಲಿ ಹೋದ ಮಾರಾಯ?” ಎಂದ. ನನ್ನನ್ನು ಬಿಡಾರ ಸೇರಿಸಿ, ನಿಕೋಲ್‌ಗಾಗಿ ಮತ್ತೆ ಮೇಲೆ ಹೋದ. ಆರನೆಯ ದಿನ ಒಬ್ಬನೇ ಬಂದ.

ನಿಕೋಲ್ ಸ್ಪ್ರೂಸ್ ಮರವೊಂದಕ್ಕೆ ಒರಗಿ ಕೂತಿದ್ದನಂತೆ. ಗಾಯವಿರಲಿಲ್ಲ. ಹಸಿವು, ಆಮೇಲೆ ಚಳಿ. ಕೊನೆಗೆ ಚಳಿ ನಿದ್ದೆ ತರಿಸುತ್ತದೆ. ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ನನಗೂ ಅದು ಹತ್ತಿರ ಬಂದಿತ್ತು.

ಲಾಫ್ರನಿಯೆರ್ ನನ್ನನ್ನು ಕೇಳಿದ್ದು ಒಂದೇ ಮಾತು: “ನೀ ತಿಂದ ಚೀಲಕ್ಕೆ ಬಟ್ಟೆ ಕಟ್ಟಿತ್ತಾ?”

“ಕಟ್ಟಿತ್ತು” ಎಂದೆ.

ಮುದುಕ ಬೆಂಕಿಗೆ ಉಗಿದು ಎದ್ದುಹೋದ. ಅಂದಿನಿಂದ ನನ್ನ ಜೊತೆ ಕೂತು ಉಂಡಿಲ್ಲ.

ನಿಕೋಲ್‌ನ ಚಾಕು, ಚಿಲುಮೆ, ಕೈಗವಸು ದೋಣಿಯವರ ಬಳಿ ಕೊಟ್ಟಿದ್ದೇನೆ. ಚಾಕು ದೊಡ್ಡವನಿಗಿರಲಿ. ದೇವರು ನಿಮ್ಮೆಲ್ಲರನ್ನೂ ಬೆಚ್ಚಗಿಟ್ಟಿರಲಿ.

ಇತಿ ನಿನ್ನ ಅಣ್ಣ,
ಓಮನ್ ಹಾರ್ಕಸ್

ಮರೆತ ಮಾತು: ಮರೆತದ್ದಲ್ಲ. ಬಟ್ಟೆ ಇರಲಿಲ್ಲ, ಮಾರ್ಗೆಟ್. ಚೀಲದ ಅಂಚಿನಲ್ಲಿ ನಿನ್ನ ಹೊಲಿಗೆ ಇತ್ತು. ಅದು ನಿಕೋಲ್‌ನದು, ಅವನು ನನ್ನನ್ನು ಬಿಟ್ಟು ಹೋಗುವವನಲ್ಲ, ಹುಡುಕಿ ಮರಳುವಾಗ ಅವನಿಗೆ ಬೇಕಾದ ಬುತ್ತಿ ಎಂದು ಗೊತ್ತಿದ್ದೇ ಬಿಚ್ಚಿದೆ. ಅರ್ಧ ಬಿಡೋಣ ಅಂದುಕೊಂಡೆ, ಬಿಡಲಿಲ್ಲ. ನಾಚಿಕೆಯಾಗಿ, ಖಾಲಿ ಚೀಲಕ್ಕೆ ಹಿಮ ತುಂಬಿ ಅದೇ ಕೊಂಬೆಗೆ ಮೊದಲಿನಂತೆ ಕಟ್ಟಿದೆ. ಅವನು ಅದೇ ಮರದ ಕೆಳಗೆ ಸತ್ತ. ಚೀಲ ಬಿಚ್ಚಿದ್ದು ಅವನ ತೊಡೆಯ ಮೇಲಿತ್ತಂತೆ. ಅದನ್ನೂ ಕಳಿಸಿದ್ದೇನೆ. ಹೊಲಿಗೆ ಇನ್ನೂ ಗಟ್ಟಿಯಾಗಿದೆ.