ಮಗನ ಬದಲು ನಾನು ಕೂತ ಸಭೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಮುದ್ದಿನ ಸೊಸೆಗೆ ಅತ್ತೆಯ ಆಶೀರ್ವಾದ.

ಹೇಗಿದ್ದೀಯಮ್ಮಾ? ಸೊಂಟನೋವು ಕಡಿಮೆಯಾಯಿತೇ? ತವರಿಗೆ ಹೋದರೂ ನೀನು ಸುಮ್ಮನೆ ಕೂರುವವಳಲ್ಲ, ನನಗೆ ಗೊತ್ತು. ತನ್ನ ಹಲ್ಲು ಬಿದ್ದ ಸುದ್ದಿಯನ್ನು ಪುಟ್ಟಿಯೇ ಫೋನಿನಲ್ಲಿ ಹೇಳಿದಳು. ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು, ಅರ್ಧ ಅರ್ಥವಾಗಲಿಲ್ಲ, ಆದರೂ ಹೂಂ ಹೂಂ ಎಂದೆ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ನನ್ನ ದನಿ ದೊಡ್ಡದು, ಗೋಡೆ ತೆಳ್ಳಗಿದೆ, ಆಚೆ ಕೋಣೆಯಲ್ಲಿ ನಿನ್ನ ಗಂಡನಿದ್ದಾನೆ.

ಪುಟ್ಟಿಯನ್ನು ಕರೆದುಕೊಂಡು ಹೊರಟಾಗ ನೀನು ಬಾಗಿಲಲ್ಲಿ ನಿಂತು ಹೇಳಿದ್ದೆ, "ಕುಡಿಯೋದು ಬಿಟ್ಟೆ ಅಂತ ಅವರು ಹೇಳಿದ್ರೆ ನಂಬಲ್ಲ ಅತ್ತೆ. ನೀವು ಬರೆದ್ರೆ ಬರ್ತೀನಿ." ಆ ಮಾತು ಅಂದಿನಿಂದ ನನ್ನ ಎದೆಯ ಮೇಲೆ ಕೂತಿದೆ. ಅವನೂ ನನ್ನ ಹಿಂದೆಮುಂದೆ ಸುತ್ತುತ್ತಾನೆ, "ಬರೆದ್ಯೇನಮ್ಮಾ?" ಎಂದು. ಅದಕ್ಕೇ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು.

ನೀನು ಹೋದ ಮೇಲೆ ಗಾಜಿನ ಅಂಗಡಿಯ ಯಜಮಾನರು ಅವನ ಕೈಯಿಂದ ಗಾಜು ಕೊಯ್ಯುವ ಕೆಲಸ ಕಿತ್ತುಕೊಂಡರು. ಗೆರೆ ಎಳೆಯುವಾಗ ಕೈ ನಡುಗಿ ದೊಡ್ಡ ಕಿಟಕಿಯ ಗಾಜು ಅಡ್ಡಾದಿಡ್ಡಿ ಸೀಳಿತಂತೆ. ಒಡೆದ ಚೂರು ಗುಡಿಸುವ ಕೆಲಸಕ್ಕೆ ಹಾಕಿದರು. ಆ ದಿನ ಗಡ್ಡ ಬೋಳಿಸಿಕೊಳ್ಳಲು ಹೋಗಿದ್ದಾನೆ. ನಮ್ಮ ಬೀದಿಯ ಕ್ಷೌರದವನು ಗೊತ್ತಲ್ಲ, ಬಾಯಿಗೆ ಬೀಗವೇ ಇಲ್ಲದ ಆಸಾಮಿ. ಅವನು ಅಂದು ಮಾತ್ರ ದನಿ ತಗ್ಗಿಸಿ, "ನನ್ನ ಕೈಯೂ ಹೀಗೇ ನಡುಗ್ತಿತ್ತು ಕಣಪ್ಪಾ. ಕತ್ತಿ ತೆಗೆದ್ರೆ ಗಿರಾಕಿ ಎದ್ದು ಓಡ್ತಿದ್ರು. ಸೋಮವಾರ ಸಂಜೆ ಸ್ಕೂಲಿಗೆ ಬಾ" ಎಂದನಂತೆ. ಮಕ್ಕಳು ಮನೆಗೆ ಹೋದ ಮೇಲೆ ಅಲ್ಲಿನ ಒಂದನೇ ತರಗತಿಯ ಕೋಣೆಯಲ್ಲಿ ಕುಡಿತ ಬಿಡಬೇಕೆನ್ನುವವರು ಸೇರುತ್ತಾರೆ. ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತಾರೆ, ಅಷ್ಟೇ.

ಆ ಸೋಮವಾರ ನಿನ್ನ ಗಂಡ ನನ್ನನ್ನೂ ಕರೆದುಕೊಂಡು ಹೋದ. ಗೇಟಿನ ಹತ್ತಿರ ಕಾಲು ಕಿತ್ತಿಡಲಾರದೆ ನಿಂತ. "ಮೊದ್ಲು ನೀನು ಹೋಗಿ ನೋಡ್ಕೊಂಡು ಬಾಮ್ಮಾ" ಎಂದ. ಸ್ನಾನದ ನೀರು ಎಷ್ಟು ಬಿಸಿ ಎಂದು ನೋಡಲೂ ಅವನಿಗೆ ನನ್ನ ಕೈಯೇ ಬೇಕು! ಹೋದೆ. ದೊಡ್ಡ ದೊಡ್ಡ ಗಂಡಸರು ಮಕ್ಕಳ ಪುಟಾಣಿ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಕ್ಷೌರದವನು ಇನ್ನೂ ಬಂದಿರಲಿಲ್ಲ, ಗುರುತಿನವರು ಯಾರೂ ಇಲ್ಲ. ಬಾಗಿಲ ಬಳಿಯ ಹೆಂಗಸೊಬ್ಬಳು ವಯಸ್ಸಿಗೆ ನಡುಗುವ ನನ್ನ ಕೈಯನ್ನು ನೋಡಿ ಏನು ತಿಳಿದಳೋ, ಕುರ್ಚಿ ಎಳೆದು, "ಕೂತ್ಕೊಳ್ಳಿ ಅಮ್ಮಾ, ಮೊದಲ ಸಲ ಎಲ್ರಿಗೂ ಕಷ್ಟಾನೇ" ಎಂದಳು.

ಒಬ್ಬೊಬ್ಬರೇ ಹೇಳುತ್ತಾ ಬಂದು ನನ್ನ ಸರದಿ ಬಂತು. "ನನ್ನ ಮಗ ಕುಡುಕ" ಎನ್ನಲು ಹೋದೆ. ಹೆತ್ತವಳಿಗೆ ಆ ಮಾತು ಹೊರಡಲಿಲ್ಲಮ್ಮಾ. "ನಾನು ಕುಡೀತೀನಿ" ಎಂದುಬಿಟ್ಟೆ. ಕೆಮ್ಮಿನ ಔಷಧಿಗೂ ಮೂಗು ಮುಚ್ಚಿಕೊಳ್ಳುವ ನಾನು! ಒಮ್ಮೆ ಶುರುವಾದ ಮೇಲೆ ನನ್ನ ಬಾಯಿ ನಿಲ್ಲುತ್ತದೆಯೇ? ಅವನು ಒಗೆಯುವ ಬಟ್ಟೆಯ ರಾಶಿಯಲ್ಲಿ ಬಾಟಲಿ ಬಚ್ಚಿಟ್ಟಿದ್ದನ್ನೆಲ್ಲ ನಾನೇ ಮಾಡಿದೆನೆಂದು ಹೇಳಿದೆ, ಹೆಂಡತಿಯ ಮೇಲೆ ಕೈಯೆತ್ತಿದೆ ಎನ್ನಲು ಹೋಗಿ ತಡವರಿಸಿ ಮನೆಯವರ ಮೇಲೆ ಎಂದೆ. ಶಾಲೆಯಿಂದ ಮಗುವನ್ನು ಕರೆತರುವಾಗ ಬಾರಿನ ಮುಂದೆ ಅವಳನ್ನು ನಿಲ್ಲಿಸಿ ಒಳಗೆ ಹೋದೆ, ಅವಳನ್ನು ಮರೆತು ಹಿಂಬಾಗಿಲಿನಿಂದ ಮನೆಗೆ ಬಂದೆ ಎಂದೆ. ಕತ್ತಲಾದರೂ ಮಗು ಅಲ್ಲೇ ನಿಂತಿತ್ತು ಎನ್ನುವಾಗ ನನಗೆ ಅಳು ತಡೆಯಲಾಗಲಿಲ್ಲ.

ಬಾಗಿಲಲ್ಲಿ ಅವನು ನಿಂತಿದ್ದ. ನಾನು ಬರಲಿಲ್ಲವೆಂದು ನೋಡಲು ಬಂದವನು ಎಲ್ಲ ಕೇಳಿಸಿಕೊಂಡಿದ್ದ. "ಅಮ್ಮ ಕುಡಿಯಲ್ಲ. ಇದೆಲ್ಲಾ ಮಾಡಿದ್ದು ನಾನು" ಎಂದ. ಯಾರೂ ನಗಲಿಲ್ಲ, ಬೈಯಲಿಲ್ಲ. ನನ್ನನ್ನು ಮೆಲ್ಲಗೆ ಎಬ್ಬಿಸಿ ಆ ಕುರ್ಚಿಯನ್ನು ಅವನಿಗೆ ಕೊಟ್ಟರು. ನಾನು ಹೊರಗೆ ಜಗಲಿಯಲ್ಲಿ ಕೂತು ಮನಸಾರೆ ಅತ್ತೆ. ಅವನ ಬಾಯಲ್ಲಿ ಅಂಥ ಮಾತು ಕೇಳಿ ಎಷ್ಟೋ ಕಾಲವಾಗಿತ್ತು.

ಆಮೇಲಿನಿಂದ ಪ್ರತಿ ಸೋಮವಾರ ಒಬ್ಬನೇ ಹೋಗುತ್ತಾನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ. ಯಜಮಾನರು ಫೋಟೋ ಚೌಕಟ್ಟಿನ ಸಣ್ಣ ಗಾಜುಗಳನ್ನು ಕೊಯ್ಯಲು ಕೊಡುತ್ತಿದ್ದಾರೆ. ನಿನ್ನ ಕಪಾಟಿನ ಕೀಲು ಕಿರುಗುಡುತ್ತಿತ್ತಲ್ಲ, ಅದಕ್ಕೂ ಎಣ್ಣೆ ಬಿಟ್ಟಿದ್ದಾನೆ.

ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿಯ ಎರಡು ಕೆನ್ನೆಗೂ ಮುತ್ತು. ನೀನು ಎಲ್ಲಿದ್ದರೂ ನನ್ನ ಮಗಳೇ.

ಸದಾ ನಿನ್ನ ಒಳಿತನ್ನೇ ಬಯಸುವ,
ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಮೊನ್ನೆ ಅವನು ಮತ್ತೆ ಕುಡಿದು ಬಂದ. ಮರುದಿನ ಬೆಳಿಗ್ಗೆ ನನ್ನ ಕಾಲು ಹಿಡಿದು, "ಇದೊಂದು ಅವಳಿಗೆ ಬರೀಬೇಡಮ್ಮಾ, ಬಾ ಅಂತ ಮಾತ್ರ ಬರಿ" ಎಂದು ಅತ್ತ. ನಾಳೆ ಸಭೆಯಲ್ಲಿ ತಾನೇ ಹೇಳಿಕೊಳ್ಳುತ್ತಾನಂತೆ. ಹೇಳಿಕೊಳ್ಳಲಿ, ಅವನ ಮೇಲಿನ ಆಸೆಯನ್ನು ನಾನಿನ್ನೂ ಬಿಟ್ಟಿಲ್ಲ. ಆದರೆ ನೀನು ನಂಬಿದ್ದು ನನ್ನ ಮಾತನ್ನು. ಪುಟ್ಟಿಯನ್ನು ನೋಡಬೇಕೆಂದು ಜೀವ ಒದ್ದಾಡುತ್ತಿದೆ, ಆದರೂ ಈಗಲೇ ಬರಬೇಡ ಮಗಳೇ.