ಉಪ್ಪು ಕಮ್ಮಿ

ಮಲ್ಲೇಶ್ವರ
೧೮ ಆಗಸ್ಟ್ ೧೯೯೭

ಪ್ರೀತಿಯ ಅಮ್ಮನಿಗೆ ನಿನ್ನ ಸುಂದರಿಯ ನಮಸ್ಕಾರಗಳು.

ಮೈಸೂರಿನಲ್ಲಿ ನೀನೂ ಅಪ್ಪನೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡೋಣವೆಂದರೆ ಅದು ಹಾಲಿನಲ್ಲಿದೆ, ಪಕ್ಕದಲ್ಲೇ ಅತ್ತೆ ಕೂತಿರುತ್ತಾರೆ. ಮಾನ್ಯ ಚೆನ್ನಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ.

ನನಗೆ ಮೈಯೆಲ್ಲ ಉರಿಯುತ್ತಿದೆ, ಅಮ್ಮಾ. ನಿನ್ನ ಅಳಿಯ ಕೈಲಾಸ್ ಹೊಡೆಯುವುದು ನಿನಗೆ ಗೊತ್ತೇ ಇದೆ. ಹೋದ ತಿಂಗಳು ಕೆನ್ನೆ ಊದಿದಾಗ ಚಾಮರಾಜಪೇಟೆಗೆ, ನಮ್ಮ ಶಿವರುದ್ರಪ್ಪ ಡಾಕ್ಟರ ಹತ್ತಿರ ಹೋದೆ. ನೀವು ಮೈಸೂರಿಗೆ ಹೋಗುವ ಮೊದಲಿಂದಲೂ ಎರಡೂ ಮನೆಗೆ ಅವರೇ ಡಾಕ್ಟರು. "ಮಗು ಆಗಿದ್ದಾಗಿಂದ ನೋಡಿದೀನಿ, ಚಿನ್ನದಂಥ ಹುಡುಗ" ಎಂದು ಈ ಸಂಬಂಧ ತಂದವರೂ ಅವರೇ. ಇನ್ಯಾರ ಹತ್ತಿರ ಹೋಗಲಿ?

ಕೆನ್ನೆಯನ್ನು ಸರಿಯಾಗಿ ನೋಡಲೂ ಇಲ್ಲ. "ಅವನಿಗೆ ಬಿಪಿ ಜಾಸ್ತಿ ಕಣಮ್ಮಾ. ಸಿಟ್ಟು ಅವನದಲ್ಲ, ಬಿಪಿದು. ಸಾರಿಗೆ ಉಪ್ಪು ಕಮ್ಮಿ ಹಾಕು, ಎಲ್ಲ ಸರಿಹೋಗತ್ತೆ" ಎಂದರು. ಏಟು ತಿಂದವಳಿಗೆ ಅಡುಗೆ ಪಾಠ! ನಾನೂ ಪೆದ್ದಿ, ಹಾಗೇ ಮಾಡಿದೆ. ಮೊನ್ನೆ ಶನಿವಾರ ಸಪ್ಪೆ ಸಾರು ಬಾಯಿಗಿಟ್ಟವನೇ ತಟ್ಟೆ ಎಸೆದು ನನ್ನ ಎಡಗೈ ತಿರುಚಿದ. ಮಣಿಕಟ್ಟು ಲಟಕ್ಕನೆ ಮುರಿಯಿತು.

ಮತ್ತೆ ಅವರ ಹತ್ತಿರವೇ ಹೋದೆ. "ಡಾಕ್ಟ್ರೇ, ಅವರನ್ನ ಕರೆಸಿ ಒಂದು ಮಾತು ಕೇಳಿ" ಎಂದು ಬೇಡಿಕೊಂಡೆ. "ಗಂಡ ಹೆಂಡ್ತಿ ಮಧ್ಯೆ ನಾನ್ಯಾಕಮ್ಮಾ ಬರ್ಲಿ?" ಎಂದರು. "ಸಂಬಂಧ ತರೋವಾಗ ಬಂದಿರಲಿಲ್ವಾ?" ಎಂದು ಕೇಳಿಯೇಬಿಟ್ಟೆ. ಅವರ ಮುಖ ಕೆಂಪಾಯಿತು. ನಾನು ಮನೆ ತಲುಪುವಷ್ಟರಲ್ಲಿ ಅತ್ತೆಗೆ ಫೋನು ಮಾಡಿ "ನಿಮ್ಮ ಸೊಸೆಗೆ ನರದ ದೌರ್ಬಲ್ಯ, ನಿದ್ದೆ ಮಾತ್ರೆ ಕೊಟ್ಟಿದೀನಿ" ಎಂದು ಹೇಳಿಯಾಗಿತ್ತು. ಈಗ ಈ ಮನೆಯಲ್ಲಿ ನಾನು ಏನು ಹೇಳಿದರೂ ಅದು ಹುಚ್ಚಿಯ ಮಾತು.

ಮಾತ್ರೆಗಳನ್ನು ಮೋರಿಗೆ ಸುರಿದೆ. ನಾಳೆ ದೊಡ್ಡಾಸ್ಪತ್ರೆಗೆ ಹೋಗಿ, ಕೈ ಮುರಿದವರು ಯಾರು ಎಂದು ಹೆಸರು ಸಮೇತ ಬರೆಸುತ್ತೇನೆ. ಬರುವ ಭಾನುವಾರ ಮಾನ್ಯಳನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ. ಇಲ್ಲಿಗೆ ಇನ್ನು ಹಿಂತಿರುಗುವುದಿಲ್ಲ.

ಅಜ್ಜಿಯನ್ನು ಕೇಳಿದೆ ಎಂದು ಬರೆಯಲು ಮಾನ್ಯ ಹೇಳುತ್ತಿದ್ದಾಳೆ. ನಮ್ಮಿಬ್ಬರ ತಲೆಯ ಮೇಲೂ ನಿನ್ನ ಆಶೀರ್ವಾದದ ಕೈ ಇರಲಿ.

ಇಂತಿ ನಿನ್ನ ಮಗಳು,
ತ್ರಿಪುರಸುಂದರಿ

ವಿ.ಸೂ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕೈಗೆ ಪಟ್ಟಿ ಸುತ್ತುತ್ತಾ ಡಾಕ್ಟರು ಹೇಳಿದರು: "ನಿಮ್ಮಮ್ಮನ ಕೈನೂ ನಾನೇ ಕಟ್ಟಿದ್ದು, ನೀನಾಗ ಚಿಕ್ಕ ಮಗು. ನಿಮ್ಮಪ್ಪನ್ನ ಒಂದು ಮಾತು ಅನ್ನಲಿಲ್ಲ ಆಯಮ್ಮ. ಅವ್ರನ್ನ ನೋಡಿ ಕಲಿ." ಅಮ್ಮಾ, ಎಲ್ಲ ಗೊತ್ತಿದ್ದೂ ಇದೇ ಮನುಷ್ಯನ ಮಾತು ನಂಬಿ ನನ್ನನ್ನು ಕೊಟ್ಟೆಯಾ? ಭಾನುವಾರ ಬಂದಾಗ ಅಪ್ಪನ ಎದುರಿಗೇ ಕೇಳುತ್ತೇನೆ. ನೀನು ಅಡುಗೆಮನೆಗೆ ಎದ್ದು ಹೋಗಬೇಡ.