ಅವ್ವನಿಗೆ ಸಿಕ್ಕ ನೈಟಿ

ಠಾಕುರ್ಲಿ

ಶೇಖರಣ್ಣನವರಿಗೆ ಅನಸೂಯಾಳ ನಮಸ್ಕಾರ.

ಈ ಸಲದ ನೆರೆ ಪರಿಹಾರದ ಹಣವನ್ನು ಯಾವ ಸಂಸ್ಥೆಗೆ ಕೊಡೋಣವೆಂದು ಇಲ್ಲಿಯ ನಮ್ಮ ಕನ್ನಡ ಸಂಘದ ಎಲ್ಲರನ್ನೂ ಕೇಳಿದ್ದೀರಿ. ಸಭೆಯಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಬಟ್ಟೆ ಲಾರಿಗೆ ತುಂಬಿ ಕಳಿಸುವವರಿಗೆ ಬೇಡ. ಏನು ಬೇಕೆಂದು ಮೊದಲು ಅಲ್ಲಿಯ ಹೆಂಗಸರನ್ನು ಕೇಳುವವರಿಗೆ ಕೊಡಿ.

ಹೋದ ವರ್ಷ ಊರಲ್ಲಿ ಭೀಮಾ ನದಿ ಉಕ್ಕಿ ಮನೆ ಕೊಚ್ಚಿಹೋದಾಗ, ಶಿಬಿರದಲ್ಲಿದ್ದ ನನ್ನ ಅವ್ವನಿಗೆ ಅಂಥದೊಂದು ಲಾರಿಯಿಂದ ಸಿಕ್ಕಿದ್ದು ನೈಟಿ. ತಲೆ ಮೇಲಿನ ಸೆರಗು ಎಂದೂ ಜಾರಗೊಡದವಳು ಆಕೆ. ಜ್ವರ ಬಂದರೂ ಡಾಕ್ಟರ ಸಾಲಿನಲ್ಲಿ ನಿಲ್ಲಲಿಲ್ಲ. “ಇದನ್ನ ಹಾಕ್ಕೊಂಡು ಮಂದ್ಯಾಗ ಹ್ಯಾಂಗ ಹೋಗ್ಲೆವ್ವಾ?” ಎಂದು ಫೋನಿನಲ್ಲಿ ಅತ್ತಳು.

ನಾನು ಇಳಕಲ್ ಸೀರೆ ಹಿಡಿದು ಊರು ಮುಟ್ಟುವಷ್ಟರಲ್ಲಿ ತಡವಾಗಿತ್ತು. ಅದನ್ನು ಉಟ್ಟುಕೊಂಡೇ ಅವ್ವ ಮಂದಿಯ ನಡುವೆ ಹೋದಳು, ನಾಲ್ವರ ಹೆಗಲ ಮೇಲೆ.

ನಿಮ್ಮ ತಂಗಿ,
ಅನಸೂಯಾ